ಹಳೆಯ ಫೋನುಗಳನ್ನು ಕೈಬಿಡದೆ ಹೊಸ ಆಂಡ್ರಾಯ್ಡ್‌ಗೆ ಆ್ಯಪ್ ಏರಿಸಿದ ಅನುಭವ

ಔಷಧಿ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಒಂದು ಸಣ್ಣ ಆ್ಯಪನ್ನು ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಸೇರಿ ಕೆಲವು ವರ್ಷಗಳಿಂದ ನಿರ್ವಹಿಸುತ್ತಿದ್ದೇವೆ. ಅದರ ಬಳಕೆದಾರರಲ್ಲಿ ವಯಸ್ಸಾದವರೇ ಹೆಚ್ಚು. ಮನೆಯ ಕಿರಿಯರು ಹೊಸ ಫೋನು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಫೋನೇ ಬಹುಪಾಲು ಅವರ ಕೈಯಲ್ಲಿರುತ್ತದೆ. ಅವರ ಪರವಾಗಿ ಮಾತ್ರೆಗಳ ವಿವರ ತುಂಬಿಕೊಡುವ ಮಕ್ಕಳು, ಮೊಮ್ಮಕ್ಕಳು ಅದೇ ಆ್ಯಪನ್ನು ತೀರ ಈಚಿನ ಫೋನುಗಳಲ್ಲಿ ಇಟ್ಟುಕೊಂಡಿರುತ್ತಾರೆ. ಹೀಗಾಗಿ 2014ರ ಆಂಡ್ರಾಯ್ಡ್ 5ರಿಂದ 2024ರ ಆಂಡ್ರಾಯ್ಡ್ 15ರವರೆಗೆ ಒಂದೇ ಆ್ಯಪ್ ಎಲ್ಲೆಡೆಯೂ ಹೊತ್ತಿಗೆ ಸರಿಯಾಗಿ ಸದ್ದು ಮಾಡಬೇಕಿತ್ತು. ಈ ಸಲದ ನವೀಕರಣ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ತೊಡಕುಗಳು ಎಲ್ಲಿವೆ ಎಂಬುದು ಮೊದಲೇ ತಿಳಿದಿರಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮನ್ನು ಈ ಕೆಲಸಕ್ಕೆ ಎಳೆದದ್ದು ಗಡುವು. ಗೂಗಲ್ ಪ್ಲೇ ನಿಯಮದ ಪ್ರಕಾರ 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳೂ ಹಳೆಯ ಆ್ಯಪ್‌ಗಳ ಅಪ್‌ಡೇಟ್‌ಗಳೂ ಎಪಿಐ ಮಟ್ಟ (ಆಂಡ್ರಾಯ್ಡ್ ಆವೃತ್ತಿಗಳ ಕ್ರಮಸಂಖ್ಯೆ) 35ನ್ನು, ಅಂದರೆ ಆಂಡ್ರಾಯ್ಡ್ 15ನ್ನು ಗುರಿಯಾಗಿ ಹೊಂದಿರಬೇಕು. ಅಪ್‌ಡೇಟ್ ಮಾಡದೆ ಸುಮ್ಮನಿದ್ದರೂ ಕನಿಷ್ಠ 34 ಇರಬೇಕು. ಇಲ್ಲದಿದ್ದರೆ ಆ ಗುರಿಗಿಂತ ಹೊಸ ಆಂಡ್ರಾಯ್ಡ್ ಇರುವ ಫೋನುಗಳಲ್ಲಿ ಹೊಸ ಬಳಕೆದಾರರಿಗೆ ಆ್ಯಪ್ ಕಾಣಿಸುವುದಿಲ್ಲ. ನಮ್ಮದು 33ರಲ್ಲಿ ನಿಂತಿತ್ತು. ಪ್ಲೇ ಕನ್ಸೋಲ್‌ನಲ್ಲಿ, ಅಂದರೆ ಆ್ಯಪ್ ತಯಾರಕರಿಗಾಗಿ ಗೂಗಲ್ ಇಟ್ಟಿರುವ ನಿರ್ವಹಣಾ ತಾಣದಲ್ಲಿ, ಕೇಳಿಕೊಂಡರೆ ನವೆಂಬರ್ 1ರವರೆಗೆ ಹೆಚ್ಚಿನ ಕಾಲಾವಕಾಶ ಸಿಗುತ್ತಿತ್ತು, ನಾವು ಕೇಳಿ ಪಡೆದುಕೊಂಡೆವು. ಮುಂದೆ ಬರುವವರಿಗೆ ಹೇಳುವುದಾದರೆ, ಈ ಅವಕಾಶ ಅಗತ್ಯವಿಲ್ಲ ಎನಿಸಿದರೂ ಅರ್ಜಿ ಹಾಕಿಡುವುದು ಒಳ್ಳೆಯದು. ಕೊನೆಯ ಗಳಿಗೆಯಲ್ಲಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ ಲೈಬ್ರರಿಯೊಂದಕ್ಕಾಗಿ ಕಾಯಬೇಕಾಗಿ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಕೋಡ್‌ನಿಂದ ಆ್ಯಪ್ ಕಟ್ಟುವ ವಿಧಾನವನ್ನು ಹೇಳುವ ಬಿಲ್ಡ್ ಫೈಲಿನಲ್ಲಿರುವ ಮೂರು ಸಂಖ್ಯೆಗಳ ಅರ್ಥವನ್ನು ಬಿಡಿಬಿಡಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಂಪೈಲ್ ಎಸ್‌ಡಿಕೆ ಎಂದರೆ ಕೋಡ್ ಬರೆಯುವಾಗ, ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರ್‌ಗೆ ಯಾವ ಆವೃತ್ತಿಯವರೆಗಿನ ಸೌಲಭ್ಯಗಳು ಕಾಣಿಸುತ್ತವೆ ಎಂಬುದು. ಟಾರ್ಗೆಟ್ ಎಸ್‌ಡಿಕೆ ಎಂದರೆ ಯಾವ ಆವೃತ್ತಿಯವರೆಗಿನ ಹೊಸ ಕಟ್ಟುಪಾಡುಗಳಿಗೆ ನಮ್ಮ ಆ್ಯಪ್ ಒಪ್ಪಿಕೊಂಡಿದೆ ಎಂಬುದು. ಮಿನ್ ಎಸ್‌ಡಿಕೆ ಎಂದರೆ ಆ್ಯಪ್ ಇನ್‌ಸ್ಟಾಲ್ ಆಗಬಹುದಾದ ಅತಿ ಹಳೆಯ ಆವೃತ್ತಿ. ಟಾರ್ಗೆಟ್ ಏರಿಸಿದರೆ ಹಳೆಯ ಫೋನುಗಳಿಗೆ ತೊಂದರೆ ಎಂದು ಹಲವರು ಹೆದರುತ್ತಾರೆ. ವಾಸ್ತವದಲ್ಲಿ ಟಾರ್ಗೆಟ್ 35ಕ್ಕೆ ಕಟ್ಟುಬಿದ್ದ ಬದಲಾವಣೆಗಳು ಆಂಡ್ರಾಯ್ಡ್ 15 ಮತ್ತು ಅದರ ನಂತರದ ಫೋನುಗಳಲ್ಲಿ ಮಾತ್ರ ಜಾರಿಗೆ ಬರುತ್ತವೆ. ಹಳೆಯ ಫೋನುಗಳಿಗೆ ಏಟು ಬೀಳುವುದು ಬೇರೆ ಮೂರು ಕಡೆಗಳಿಂದ: ನಾವು ಆಶ್ರಯಿಸಿದ ಲೈಬ್ರರಿಗಳು, ಸರ್ವರ್‌ನ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರ, ಮತ್ತು ನಿರಪಾಯಕಾರಿ ಎಂದು ಎಲ್ಲರೂ ಭಾವಿಸುವ ಕಂಪೈಲ್ ಎಸ್‌ಡಿಕೆ. ಈ ಮೂರೂ ನಮಗೆ ಒಂದೊಂದಾಗಿ ಎದುರಾದವು.

ಮೊದಲ ಏಟು ಲೈಬ್ರರಿಗಳದ್ದು. ನಮ್ಮ ಮಿನ್ ಎಸ್‌ಡಿಕೆ 21, ಅಂದರೆ ಆಂಡ್ರಾಯ್ಡ್ 5, ಆಗಿತ್ತು. ಗೂಗಲ್ ಒದಗಿಸುವ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳ ಹೊಸ ಆವೃತ್ತಿಗಳನ್ನು ಸೇರಿಸುತ್ತಿದ್ದಂತೆಯೇ ಬಿಲ್ಡ್ ನಿಂತುಹೋಯಿತು: ಲೈಬ್ರರಿ 23 (ಆಂಡ್ರಾಯ್ಡ್ 6) ಎಂದು ಘೋಷಿಸಿಕೊಂಡಿರುವಾಗ ಆ್ಯಪ್ 21 ಎಂದು ಹೇಳುವಂತಿಲ್ಲ ಎಂಬ ದೋಷ ಸಂದೇಶ. ಆ ಸಂದೇಶದ ಕೊನೆಯಲ್ಲಿಯೇ ಈ ತಪಾಸಣೆಯನ್ನು ಮೀರುವ ಉಪಾಯವೂ ಸೂಚಿತವಾಗಿರುತ್ತದೆ. ಆ್ಯಪ್‌ನ ವಿವರ ಘೋಷಿಸುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಬಿಲ್ಡ್ ಆಗಿಬಿಡುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಆ ಸಾಲು ಬಿಲ್ಡ್ ಸಾಧನದ ಬಾಯಿ ಮುಚ್ಚಿಸುತ್ತದೆಯೇ ಹೊರತು ಹಳೆಯ ಫೋನಿನಲ್ಲಿ ಇಲ್ಲದ ಸೌಲಭ್ಯವನ್ನು ಒದಗಿಸಿಕೊಡುವುದಿಲ್ಲ. ಕೆಡುಕು ಬಳಕೆದಾರರ ಕೈಯಲ್ಲಿ ಆಗುತ್ತದೆ.

ಹಾಗಾದರೆ ಆಂಡ್ರಾಯ್ಡ್ 5ನ್ನು ಬಿಡಬೇಕೇ ಎಂಬ ಪ್ರಶ್ನೆ ಬಂದಿತು. ಇದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ನಮಗೆ ಅತಿ ಹೆಚ್ಚು ಕಸಿವಿಸಿ ಉಂಟುಮಾಡಿದ್ದು ಇದೇ. ಕನ್ಸೋಲ್‌ನ ಅಂಕಿಅಂಶದಲ್ಲಿ ಆಂಡ್ರಾಯ್ಡ್ ಆವೃತ್ತಿವಾರು ಪಟ್ಟಿ ಸಿಗುತ್ತದೆ, ಆದರೆ ಇನ್‌ಸ್ಟಾಲ್‌ಗಳ ಸಂಖ್ಯೆಯನ್ನು ನೋಡಿ ತೀರ್ಮಾನಿಸಬಾರದು; ಮೂಲೆ ಸೇರಿದ ಫೋನುಗಳೂ ಅದರಲ್ಲಿ ಎಣಿಕೆಯಾಗಿರುತ್ತವೆ. ಕಳೆದ ಒಂದು ತಿಂಗಳಿನಲ್ಲಿ ನಿಜವಾಗಿ ಆ್ಯಪ್ ತೆರೆದವರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಆಂಡ್ರಾಯ್ಡ್ 5ರವರು ಬೆರಳೆಣಿಕೆಯಷ್ಟು ಉಳಿದಿದ್ದರು, ಆಂಡ್ರಾಯ್ಡ್ 6ರವರು ಮಾತ್ರ ಕಡೆಗಣಿಸಲಾಗದಷ್ಟಿದ್ದರು. ಮೇಲಾಗಿ ಅನುಮತಿಗಳನ್ನು ಆ್ಯಪ್ ನಡೆಯುತ್ತಿರುವಾಗ ಕೇಳುವ ಪದ್ಧತಿಯೂ, ಫೋನು ಸುಮ್ಮನೆ ಬಿದ್ದಿರುವಾಗ ಹಿನ್ನೆಲೆ ಕೆಲಸಗಳನ್ನು ತಡೆಯುವ ಡೋಜ್ ಎಂಬ ವ್ಯವಸ್ಥೆಯೂ ಆಂಡ್ರಾಯ್ಡ್ 6ರಿಂದಲೇ ಆರಂಭವಾದವು. 23ರ ಕೆಳಗೆ ಇಳಿದರೆ ಈ ಎರಡಕ್ಕೂ ಇಬ್ಬಗೆಯ ಕೋಡ್ ಇಟ್ಟುಕೊಳ್ಳಬೇಕು. ಕೊನೆಗೆ ಮಿನ್ 23 ಎಂದು ನಿಶ್ಚಯಿಸಿದೆವು. ಆಂಡ್ರಾಯ್ಡ್ 5ರ ಫೋನುಗಳಲ್ಲಿ ಈಗಾಗಲೇ ಇರುವ ಆ್ಯಪ್ ಅಳಿಸಿಹೋಗುವುದಿಲ್ಲ, ಹೊಸ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಆದುದರಿಂದ ಆ ಕೊನೆಯ ಆವೃತ್ತಿ ಮಾತನಾಡುವ ಸರ್ವರ್ ವಿಳಾಸಗಳನ್ನು ಮುಚ್ಚದೆ ಉಳಿಸಿಕೊಳ್ಳುವುದು ಬಿಡುವವರ ಹೊಣೆ ಎಂದೇ ನಾನು ತಿಳಿಯುತ್ತೇನೆ.

ಇದಾದ ಮೇಲೆ ಕಂಪೈಲ್ ಮತ್ತು ಟಾರ್ಗೆಟ್ ಎರಡನ್ನೂ 35ಕ್ಕೆ ಏರಿಸಿ ಫೋನನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಆಂಡ್ರಾಯ್ಡ್ 15ರ ಎಮ್ಯುಲೇಟರ್‌ನಲ್ಲಿ ಓಡಿಸಿದೆವು. ಕಣ್ಣಿಗೆ ಮೊದಲು ಬಿದ್ದದ್ದು ಪರದೆ. ಟಾರ್ಗೆಟ್ 35 ಇರುವ ಆ್ಯಪ್ ಆಂಡ್ರಾಯ್ಡ್ 15ರಲ್ಲಿ ಪರದೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳಲೇಬೇಕು. ಮೇಲಿನ ಸ್ಟೇಟಸ್ ಪಟ್ಟಿಯ ಹಿಂದೆ, ಕೆಳಗಿನ ನ್ಯಾವಿಗೇಶನ್ ಪಟ್ಟಿಯ ಹಿಂದೆ ಅದರ ಚಿತ್ರಣ ನುಗ್ಗುತ್ತದೆ. ಬೆರಳು ಸವರಿ ನಡೆಸುವ ವಿಧಾನದಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಮೂರು ಬಟನ್‌ಗಳ ವಿಧಾನಕ್ಕೆ ಬದಲಿಸಿ ನೋಡಿದಾಗ ಮಾತ್ರ ನಮ್ಮ ಪರದೆಯ ತಳದಲ್ಲಿರುವ ‘ತೆಗೆದುಕೊಂಡೆ’ ಎಂಬ ದೊಡ್ಡ ಹಸಿರು ಬಟನ್‌ನ ಕೆಳಗಿನ ಅರ್ಧ ಮಬ್ಬಾದ ಪಟ್ಟಿಯಡಿ ಸೇರಿಹೋಗಿರುವುದು ಗೋಚರಿಸಿತು. ಆ ಭಾಗವನ್ನು ಒತ್ತಿದರೆ ಔಷಧಿ ದಾಖಲಾಗುವ ಬದಲು ಹೋಮ್ ಪರದೆ ತೆರೆಯುತ್ತಿತ್ತು. ವಯಸ್ಸಾದ ಬಳಕೆದಾರರು ಮೂರು ಬಟನ್‌ಗಳನ್ನೇ ಇಷ್ಟಪಡುವವರು. ಇದನ್ನು ತಾತ್ಕಾಲಿಕವಾಗಿ ತಪ್ಪಿಸಿಕೊಳ್ಳಲು ಥೀಮ್‌ನಲ್ಲಿ ಬರೆಯಬಹುದಾದ ಒಂದು ಗುಣಲಕ್ಷಣವಿದೆ, ಆದರೆ ಟಾರ್ಗೆಟ್ 36ಕ್ಕೆ ಹೋದಾಗ ಆಂಡ್ರಾಯ್ಡ್ 16ರಲ್ಲಿ ಅದು ಕೆಲಸ ಮಾಡುವುದಿಲ್ಲ. ಒಂದು ವರ್ಷದ ಮಟ್ಟಿಗೆ ಮುಂದೂಡುವುದಕ್ಕಿಂತ ಪ್ರತಿ ಪರದೆಗೂ ಇನ್‌ಸೆಟ್‌ಗಳನ್ನು (ಆ ಪಟ್ಟಿಗಳು ಆಕ್ರಮಿಸುವ ಜಾಗದ ಅಳತೆಗಳನ್ನು) ಓದಿ ಅಂಚು ಬಿಡುವ ಕೆಲಸವನ್ನು ಈಗಲೇ ಮುಗಿಸಿದೆವು. ಆಂಡ್ರಾಯ್ಡ್‌ಎಕ್ಸ್‌ನಲ್ಲಿರುವ ವ್ಯೂ ಕಂಪ್ಯಾಟ್ ಎಂಬ ಸಾಧನದ ಮೂಲಕ ಇದನ್ನು ಬರೆದರೆ ಅದೇ ಕೋಡ್ ಹಳೆಯ ಆವೃತ್ತಿಗಳಲ್ಲೂ ನಡೆಯುತ್ತದೆ.

ಆಂಡ್ರಾಯ್ಡ್ 15ರಲ್ಲಿ ಕಂಡ ಎರಡನೆಯ ತೊಡಕು ಫೋರ್‌ಗ್ರೌಂಡ್ ಸರ್ವಿಸ್, ಅಂದರೆ ನೋಟಿಫಿಕೇಶನ್ ತೋರಿಸುತ್ತಾ ಹಿನ್ನೆಲೆಯಲ್ಲಿ ನಡೆಯುವ ಕೆಲಸ. ಟಾರ್ಗೆಟ್ 34ರಿಂದ ಪ್ರತಿ ಫೋರ್‌ಗ್ರೌಂಡ್ ಸರ್ವಿಸ್‌ಗೂ ಅದರ ಬಗೆಯನ್ನು ಘೋಷಿಸಬೇಕು; ಜೊತೆಗೆ ಕನ್ಸೋಲ್‌ನಲ್ಲಿ ಅದು ಏಕೆ ಬೇಕು ಎಂಬ ವಿವರಣೆಯನ್ನೂ, ಬಳಕೆಯನ್ನು ತೋರಿಸುವ ವಿಡಿಯೊ ಕೊಂಡಿಯನ್ನೂ ಸಲ್ಲಿಸಬೇಕು. ನಮ್ಮದು ಫೋನು ಮರಳಿ ಚಾಲೂ ಆದಾಗ ಸರ್ವರ್‌ನಿಂದ ದತ್ತಾಂಶ ತರುವ ಸರ್ವಿಸ್ ಆಗಿತ್ತು. ಟಾರ್ಗೆಟ್ 35ರಲ್ಲಿ ಡೇಟಾ ಸಿಂಕ್ ಬಗೆಯ ಸರ್ವಿಸನ್ನು ಬೂಟ್ ಆದ ಸಂಕೇತದಿಂದ ಆರಂಭಿಸುವಂತೆಯೇ ಇಲ್ಲ, ಆರಂಭಿಸಿದರೆ ಎಕ್ಸೆಪ್ಶನ್ ಎಂಬ ದೋಷ ಬೀಳುತ್ತದೆ. ಆಗ ಕುಳಿತು ಯೋಚಿಸಿದರೆ, ಆ ಕೆಲಸವನ್ನು ಹಿನ್ನೆಲೆ ಕೆಲಸಗಳನ್ನು ನಡೆಸಿಕೊಡುವ ಆಂಡ್ರಾಯ್ಡ್‌ಎಕ್ಸ್‌ನ ವರ್ಕ್ ಮ್ಯಾನೇಜರ್‌ಗೆ ವಹಿಸಿದರೆ ಸಾಕಾಗಿತ್ತು. ಸರ್ವಿಸನ್ನು ಕಿತ್ತುಹಾಕಿದೆವು, ಘೋಷಣೆ, ವಿವರಣೆ, ವಿಡಿಯೊ ಎಲ್ಲವೂ ಅದರೊಂದಿಗೆ ಹೋದವು. ದಾಖಲೆ ಸಿದ್ಧಪಡಿಸಲು ಕೂರುವ ಮೊದಲು ಆ ಸರ್ವಿಸ್ ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳಿ. ಔಷಧಿ ಚೀಟಿಯ ಚಿತ್ರ ಆರಿಸಲು ನಾವು ಕೇಳುತ್ತಿದ್ದ ಸ್ಟೋರೇಜ್ ಅನುಮತಿಯನ್ನೂ ಹೀಗೆಯೇ ತೆಗೆದೆವು. ಆಂಡ್ರಾಯ್ಡ್‌ನದೇ ಚಿತ್ರ ಆರಿಸುವ ಪರದೆಯಾದ ಫೋಟೊ ಪಿಕ್ಕರ್‌ಗೆ ಅನುಮತಿಯೇ ಬೇಡ, ಮತ್ತು ಅದು ಲಭ್ಯವಿಲ್ಲದ ಹಳೆಯ ಫೋನುಗಳಲ್ಲಿ ಆಂಡ್ರಾಯ್ಡ್‌ಎಕ್ಸ್ ತಾನಾಗಿಯೇ ಫೈಲ್ ಆರಿಸುವ ಪರದೆಯನ್ನು ತೆರೆಯುತ್ತದೆ.

ಈ ಆ್ಯಪ್‌ನ ಜೀವ ಇರುವುದು ಅಲಾರ್ಮ್‌ನಲ್ಲಿ, ಮತ್ತು ಆವೃತ್ತಿಗಳ ನಡುವಿನ ವ್ಯತ್ಯಾಸ ಅತಿ ಹೆಚ್ಚಾಗಿರುವುದೂ ಅಲ್ಲಿಯೇ. ಆಂಡ್ರಾಯ್ಡ್ 6ರಲ್ಲಿ ಅನುಮತಿ ಬೇಕಿಲ್ಲ, ಆದರೆ ಡೋಜ್ ಸ್ಥಿತಿಯಲ್ಲಿ ಅಲಾರ್ಮ್ ಹೊಡೆಯಲೆಂದು ಇರುವ ವಿಶೇಷ ಕರೆಯೂ ಒಂದು ಆ್ಯಪ್‌ಗೆ 9 ನಿಮಿಷಕ್ಕೆ ಒಮ್ಮೆಗಿಂತ ಹೆಚ್ಚು ಸಲ ನಡೆಯುವುದಿಲ್ಲ. ‘5 ನಿಮಿಷ ಬಿಟ್ಟು ನೆನಪಿಸು’ ಎಂದು ಒತ್ತಿದವರಿಗೆ ನೆನಪೋಲೆ ತಡವಾಗಿ ಬರುತ್ತಿದ್ದುದಕ್ಕೆ ಇದೇ ಕಾರಣ. ಸೆಟ್ ಅಲಾರ್ಮ್ ಕ್ಲಾಕ್ ಎಂಬ ಕರೆಗೆ ಈ ಮಿತಿ ಇಲ್ಲ; ಸ್ಟೇಟಸ್ ಪಟ್ಟಿಯಲ್ಲಿ ಗಡಿಯಾರದ ಚಿಹ್ನೆ ಕಾಣಿಸುತ್ತದೆ ಎಂಬುದನ್ನು ಒಪ್ಪಿಕೊಂಡು ಅದಕ್ಕೇ ಬದಲಾಯಿಸಿದೆವು. ಆಂಡ್ರಾಯ್ಡ್ 12ರಿಂದ ನಿಖರ ಅಲಾರ್ಮ್‌ಗೆ ವಿಶೇಷ ಅನುಮತಿ ಬೇಕು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸುವುದಕ್ಕೇ ಅನುಮತಿ ಕೇಳಬೇಕು. ಆಂಡ್ರಾಯ್ಡ್ 14ರಲ್ಲಿ, ಟಾರ್ಗೆಟ್ 33 ಅಥವಾ ಹೆಚ್ಚಿರುವ ಆ್ಯಪನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ನಿಖರ ಅಲಾರ್ಮ್‌ನ ಅನುಮತಿ ಮೊದಲಿಂದಲೇ ನಿರಾಕರಿಸಲ್ಪಟ್ಟಿರುತ್ತದೆ. ಅನುಮತಿ ಇಲ್ಲದೆ ಕರೆದರೆ ಆ್ಯಪ್ ಬಿದ್ದುಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಅನುಮತಿಗಳು ಆ ಫೋನಿಗೆ ಆ್ಯಪ್ ಹೇಗೆ ಬಂದು ಸೇರಿತು ಎಂಬುದನ್ನು ಅವಲಂಬಿಸಿವೆ. ಮೊದಲೇ ಆ್ಯಪ್ ಇದ್ದು ನಂತರ ಫೋನಿನ ಆಂಡ್ರಾಯ್ಡ್ ಏರಿದರೆ ಹಳೆಯ ಅನುಮತಿ ಉಳಿದುಕೊಳ್ಳುತ್ತದೆ, ಹೊಸದಾಗಿ ಹಾಕಿಕೊಂಡರೆ ಇರುವುದಿಲ್ಲ, ಹಳೆಯ ಫೋನಿನ ಬ್ಯಾಕಪ್‌ನಿಂದ ಆಂಡ್ರಾಯ್ಡ್ 14ರ ಹೊಸ ಫೋನಿಗೆ ವರ್ಗಾಯಿಸಿಕೊಂಡರೂ ಇರುವುದಿಲ್ಲ. ಮೂರನೆಯ ಪ್ರಸಂಗ ಅತ್ಯಂತ ಅಪಾಯಕಾರಿ: ಬಳಕೆದಾರರಿಗೆ ತಮ್ಮ ಮಾತ್ರೆಗಳ ಪಟ್ಟಿಯೆಲ್ಲ ಹಾಗೆಯೇ ಕಾಣಿಸುತ್ತದೆ, ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತಾರೆ, ಬೆಳಗ್ಗೆ ಮಾತ್ರ ಸದ್ದಾಗುವುದಿಲ್ಲ. ಆದ್ದರಿಂದ ಆ್ಯಪ್ ತೆರೆದಾಗಲೆಲ್ಲ ಅನುಮತಿ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಮಾತ್ರೆಗಳ ಪಟ್ಟಿಯ ಮೇಲೆಯೇ ಕೆಂಪು ಎಚ್ಚರಿಕೆಯೊಂದನ್ನು ತೋರಿಸಿ, ಅದನ್ನು ಒತ್ತಿದರೆ ಸೆಟ್ಟಿಂಗ್ಸ್‌ನ ಆ ಪುಟಕ್ಕೇ ಕರೆದೊಯ್ಯುವಂತೆ ಮಾಡಿದೆವು. ಅಲ್ಲಿಯವರೆಗೆ ನಿಖರವಲ್ಲದ ಅಲಾರ್ಮ್ ಆದರೂ ಇರುತ್ತದೆ. ಪರೀಕ್ಷೆ ಮಾಡುವಾಗ ಹೊಸ ಇನ್‌ಸ್ಟಾಲ್, ಹಳೆಯದರ ಮೇಲೆ ಅಪ್‌ಡೇಟ್, ಬ್ಯಾಕಪ್‌ನಿಂದ ಮರುಸ್ಥಾಪನೆ ಈ ಮೂರನ್ನೂ ಬೇರೆಬೇರೆಯಾಗಿ ಮಾಡಿ ನೋಡದಿದ್ದರೆ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ಹೊಸ ಫೋನುಗಳ ಕಡೆ ಒಂದು ಹದಕ್ಕೆ ಬಂದ ಮೇಲೆ ಪರೀಕ್ಷೆಗೆಂದು ಹಳೆಯ ಫೋನುಗಳನ್ನು ಹೊರತೆಗೆದೆವು. ಇದರಲ್ಲಿ ಖರ್ಚಿದೆ, ಮತ್ತು ಅದನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಎಮ್ಯುಲೇಟರ್‌ನಲ್ಲಿ ಆಂಡ್ರಾಯ್ಡ್ 6 ಓಡುತ್ತದೆ ನಿಜ, ಆದರೆ 1 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ತಯಾರಕರ ಬ್ಯಾಟರಿ ವ್ಯವಸ್ಥೆ ಹೇಗೆ ಮುಗಿಸಿಹಾಕುತ್ತದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಬಾಡಿಗೆಗೆ ಸಿಗುವ ದೂರದ ಪರೀಕ್ಷಾ ಸಾಧನಗಳಲ್ಲಿ ರಾತ್ರಿಯಿಡೀ ಫೋನು ಬಿಟ್ಟು ಬೆಳಗಿನ ಅಲಾರ್ಮ್ ಕಾಯುವುದು ದುಬಾರಿ. ಬಳಸಿದ ಫೋನುಗಳನ್ನು ಕೊಳ್ಳುವಾಗ ಬ್ಯಾಟರಿ ಉಬ್ಬಿಲ್ಲದಿರುವುದನ್ನೂ, ಯಾವ ಆವೃತ್ತಿಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಕೊಂಡ ಮೇಲೆ ಸಿಸ್ಟಂ ಅಪ್‌ಡೇಟ್‌ಗೆ ಒಪ್ಪಿಗೆ ಕೊಟ್ಟುಬಿಟ್ಟರೆ ಆ ಹಳೆಯ ಆವೃತ್ತಿಗೆ ಮರಳುವುದು ಬಹಳ ಕಷ್ಟ.

ಆಂಡ್ರಾಯ್ಡ್ 6ರ ಫೋನಿನಲ್ಲಿ ಆ್ಯಪ್ ತೆರೆದುಕೊಂಡಿತು, ಆದರೆ ಲಾಗಿನ್ ಆಗಲಿಲ್ಲ. ಬ್ರೌಸರ್‌ನಲ್ಲೂ ನಮ್ಮ ಸರ್ವರ್‌ನ ಪುಟಕ್ಕೆ ಸುರಕ್ಷತಾ ಎಚ್ಚರಿಕೆ ಬಂದಿತು. ಕಾರಣ ನಮ್ಮ ಕೋಡ್‌ನಲ್ಲಿ ಇರಲಿಲ್ಲ. ಸರ್ವರ್‌ನ ಪ್ರಮಾಣಪತ್ರ ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂಬ ಮೂಲ ಪ್ರಮಾಣಪತ್ರವನ್ನು ಆಧರಿಸಿತ್ತು, ಮತ್ತು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ನಂಬುಗೆಯ ಪಟ್ಟಿಯಲ್ಲಿ ಅದು ಇಲ್ಲ. ಹಿಂದೆ ಬೇರೊಂದು ಹಳೆಯ ಮೂಲ ಪ್ರಮಾಣಪತ್ರದ ಅಡ್ಡ ಸಹಿಯಿಂದ ಅಂಥ ಫೋನುಗಳೂ ನಡೆಯುತ್ತಿದ್ದವು. ಆ ಅಡ್ಡ ಸಹಿಯ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆಂಡ್ರಾಯ್ಡ್ 7.0 ಆದರೆ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಮೂಲ ಪ್ರಮಾಣಪತ್ರವನ್ನು ಆ್ಯಪ್‌ನೊಳಗೇ ಸೇರಿಸಿ ಕೊಟ್ಟರೆ ಸಾಕು. ಆಂಡ್ರಾಯ್ಡ್ 6ಕ್ಕೆ ಆ ಫೈಲು ಅರ್ಥವೇ ಆಗುವುದಿಲ್ಲ. ಅಲ್ಲಿ ಓಕೆ‌ಎಚ್‌ಟಿಟಿಪಿ ಲೈಬ್ರರಿಯ ಮೂಲಕ ಫೋನಿನ ಪಟ್ಟಿಯ ಜೊತೆಗೆ ನಮ್ಮ ಪ್ರಮಾಣಪತ್ರವನ್ನೂ ನಂಬುವಂತೆ ಹೇಳಬೇಕಾಯಿತು. ಹುಡುಕಿದಾಗ ಸಿಗುವ ಹಲವು ಉತ್ತರಗಳು ಪ್ರಮಾಣಪತ್ರದ ತಪಾಸಣೆಯನ್ನೇ ನಿಲ್ಲಿಸಿಬಿಡುವಂತೆ ಹೇಳುತ್ತವೆ. ಆರೋಗ್ಯದ ವಿವರ ಇರುವ ಆ್ಯಪ್‌ನಲ್ಲಿ ಹಾಗೆ ಮಾಡುವುದು ಮನೆಯ ಬೀಗ ಹಳೆಯದಾಯಿತೆಂದು ಬಾಗಿಲನ್ನೇ ತೆಗೆದಿಟ್ಟಂತೆ.

ಲಾಗಿನ್ ಸರಿಯಾದ ಮೇಲೆ ‘ತೆಗೆದುಕೊಂಡೆ’ ಒತ್ತಿದರೆ ಆ್ಯಪ್ ಕ್ರ್ಯಾಶ್ ಆಯಿತು. ಆಂಡ್ರಾಯ್ಡ್ 6ರಲ್ಲಿ ಮಾತ್ರವೇ ಎಂದು ನೋಡಿದರೆ ಆಂಡ್ರಾಯ್ಡ್ 10ರಲ್ಲೂ 14ರಲ್ಲೂ ಅದೇ ಗತಿ. 15ರಲ್ಲಿ ಮಾತ್ರ ಸರಾಗ. ಲಾಗ್‌ನಲ್ಲಿ ನೋ ಸಚ್ ಮೆಥಡ್ ಎರರ್ (ಕರೆದ ಮೆಥಡ್, ಅಂದರೆ ಕೋಡ್ ತುಣುಕು, ಫೋನಿನಲ್ಲಿ ಇಲ್ಲ) ಎಂದಿತ್ತು. ಆ ದಿನದ ಮಾತ್ರೆಗಳ ಪಟ್ಟಿಯಿಂದ ಮೊದಲನೆಯದನ್ನು ತೆಗೆಯಲು ಕಾಟ್ಲಿನ್ ಭಾಷೆಯಲ್ಲಿ ರಿಮೂವ್ ಫಸ್ಟ್ ಎಂದು ಬರೆದ, ವರ್ಷಗಳಿಂದ ಯಾರೂ ಮುಟ್ಟದ ಸಾಲು ಅದು. ಮೊದಲು ಆ ಕರೆ ಕಾಟ್ಲಿನ್‌ನ ಸ್ವಂತ ಲೈಬ್ರರಿಗೆ ಹೋಗುತ್ತಿತ್ತು. ಎಪಿಐ 35ರಲ್ಲಿ ಜಾವಾ ಪಟ್ಟಿಗಳಿಗೇ ಅದೇ ಹೆಸರಿನ ಮೆಥಡ್ ಸೇರ್ಪಡೆಯಾಗಿದೆ. ಕಂಪೈಲ್ ಎಸ್‌ಡಿಕೆ 35 ಆದೊಡನೆ ಕಂಪೈಲರ್ ಕಾಟ್ಲಿನ್‌ನದನ್ನು ಬಿಟ್ಟು ಜಾವಾದ್ದನ್ನು ಆರಿಸಿಕೊಳ್ಳುತ್ತದೆ. ಅದು ಇರುವುದು ಆಂಡ್ರಾಯ್ಡ್ 15 ಮತ್ತು ಅದರ ನಂತರದ ಫೋನುಗಳಲ್ಲಿ ಮಾತ್ರ. ಒಂದಕ್ಷರ ಬದಲಾಗದ ಕೋಡ್ ಇಂದಿಗೂ ಬಳಕೆಯಲ್ಲಿರುವ ಬಹುಪಾಲು ಫೋನುಗಳಲ್ಲಿ ಹೀಗೆ ಒಡೆಯಿತು. ರಿಮೂವ್ ಅಟ್ ಎಂದು ಬರೆದು ಸೊನ್ನೆಯ ಸ್ಥಾನ ಕೊಟ್ಟರೆ ಪರಿಹಾರವಾಗುತ್ತದೆ. ರಿಮೂವ್ ಲಾಸ್ಟ್‌ಗೂ ಇದೇ ಮಾತು ಅನ್ವಯಿಸುತ್ತದೆ. ಇಡೀ ಕೋಡ್‌ನಲ್ಲಿ ಈ ಎರಡು ಪದಗಳನ್ನು ಹುಡುಕಿ ಬದಲಿಸಿ, ಮತ್ತು ಕೋಡ್ ತಪಾಸಣೆಯ ಸಾಧನವಾದ ಲಿಂಟ್ ಕೊಡುವ ನ್ಯೂ ಎಪಿಐ ಎಂಬ ಎಚ್ಚರಿಕೆಯನ್ನು ಬಿಲ್ಡ್ ನಿಲ್ಲಿಸುವ ದೋಷವಾಗಿ ಹೊಂದಿಸಿಡಿ.

ಕೊನೆಯ ಅಡ್ಡಿ, ಮತ್ತು ಅತಿ ದೀರ್ಘ ಕಾಯುವಿಕೆ, ಮೆಮೊರಿ ಪುಟಗಳ, ಅಂದರೆ ಫೋನು ತನ್ನ ಮೆಮೊರಿಯನ್ನು ವಿಂಗಡಿಸಿಕೊಳ್ಳುವ ತುಂಡುಗಳ, ಗಾತ್ರದ್ದು. ಆಂಡ್ರಾಯ್ಡ್ 15 ಅಥವಾ ನಂತರದ್ದನ್ನು ಗುರಿಯಾಗಿಸಿದ ಆ್ಯಪ್‌ಗಳು 2025ರ ನವೆಂಬರ್ 1ರಿಂದ 16 ಕೆಬಿ ಪುಟಗಳ ಸಾಧನಗಳಲ್ಲೂ ನಡೆಯುವಂತಿರಬೇಕು ಎಂಬುದು ಪ್ಲೇ ನಿಯಮ. ಮೊದಲು ಇದು 4 ಕೆಬಿ ಆಗಿತ್ತು. ಬರೀ ಕಾಟ್ಲಿನ್, ಜಾವಾ ಇರುವ ಆ್ಯಪ್‌ಗೆ ಇದರ ಚಿಂತೆಯಿಲ್ಲ. ನಮ್ಮಲ್ಲಿ ಮಾತ್ರೆ ಪೊಟ್ಟಣದ ಬಾರ್‌ಕೋಡ್ ಓದಲು ಹೊರಗಿನ ಲೈಬ್ರರಿಯೊಂದಿತ್ತು, ಅದರೊಳಗೆ ಸಿ++ನಲ್ಲಿ ಬರೆದ ನೇಟಿವ್ (ನೇರವಾಗಿ ಪ್ರೊಸೆಸರ್ ಮೇಲೆ ನಡೆಯುವ) ಭಾಗವಿತ್ತು. ಆಂಡ್ರಾಯ್ಡ್ ಸ್ಟುಡಿಯೊದ ಆ್ಯಪ್ ಫೈಲನ್ನು ಬಿಚ್ಚಿ ತೋರಿಸುವ ಎಪಿಕೆ ಅನಲೈಸರ್ ಅದರತ್ತ ಬೊಟ್ಟು ಮಾಡಿತು. ಲೈಬ್ರರಿಯ ಹೊಸ ಆವೃತ್ತಿ ಬರುವವರೆಗೆ ಕಾದೆವು. ಬಂದಾಗ ಪುಟದ ಸಮಸ್ಯೆ ಬಗೆಹರಿದಿತ್ತು, ಆದರೆ ಅದರ ಮಿನ್ ಎಸ್‌ಡಿಕೆ 24ಕ್ಕೆ, ಅಂದರೆ ಆಂಡ್ರಾಯ್ಡ್ 7ಕ್ಕೆ, ಏರಿತ್ತು. ಹೊಸ ಫೋನಿಗಾಗಿ ಅದನ್ನು ತೆಗೆದುಕೊಂಡರೆ ಆಂಡ್ರಾಯ್ಡ್ 6ನ್ನು ಬಿಡಬೇಕು. ಕಡೆಗೆ ನೇಟಿವ್ ಭಾಗವೇ ಇಲ್ಲದ, ಪೂರ್ತಿ ಜಾವಾದಲ್ಲಿ ಬರೆದ ಮುಕ್ತ ಲೈಬ್ರರಿಗೆ ಬದಲಾದೆವು. ಅದು ಮಂದ ಬೆಳಕಿನಲ್ಲಿ ನಿಧಾನ. ಬಾರ್‌ಕೋಡ್ ಓದುವುದು ತಿಂಗಳಿಗೊಮ್ಮೆಯ ಕೆಲಸ, ಅಲಾರ್ಮ್ ದಿನನಿತ್ಯದ್ದು ಎಂಬ ಲೆಕ್ಕಾಚಾರದಲ್ಲಿ ಈ ನಿಧಾನವನ್ನು ಒಪ್ಪಿಕೊಂಡೆವು.

ಐಫೋನ್‌ನ ಕಡೆ ಕೆಲಸ ಕಡಿಮೆ ಇತ್ತು. 2025ರ ಏಪ್ರಿಲ್‌ನಿಂದ ಆ್ಯಪ್ ಸ್ಟೋರ್‌ಗೆ ಕಳಿಸುವ ಬಿಲ್ಡ್‌ಗಳನ್ನು ಆ್ಯಪಲ್‌ನ ಆ್ಯಪ್ ಕಟ್ಟುವ ತಂತ್ರಾಂಶವಾದ ಎಕ್ಸ್‌ಕೋಡ್‌ನ 16 ಅಥವಾ ನಂತರದ ಆವೃತ್ತಿಯಲ್ಲಿ ಮಾಡಬೇಕಾಗಿತ್ತು, ಮತ್ತು ಎಕ್ಸ್‌ಕೋಡ್ 16ರಿಂದ ಐಓಎಸ್ 15ಕ್ಕಿಂತ ಹಳೆಯ ಸಾಧನದಲ್ಲಿ ನೇರವಾಗಿ ಡೀಬಗ್ ಮಾಡಲು ಬರುವುದಿಲ್ಲ. ಪರೀಕ್ಷಿಸಲಾಗದ್ದನ್ನು ಬೆಂಬಲಿಸುತ್ತೇವೆ ಎನ್ನುವುದು ಸರಿಯಲ್ಲವೆಂದು ಕನಿಷ್ಠ ಆವೃತ್ತಿಯನ್ನು 15 ಮಾಡಿದೆವು. ಅದರಿಂದ ಐಫೋನ್ 6ಎಸ್ ಮತ್ತು 7 ಉಳಿದವು. ಬಿಟ್ಟುಹೋದವರು ಹಿಂದೊಮ್ಮೆ ಆ್ಯಪ್ ಇಳಿಸಿಕೊಂಡಿದ್ದರೆ ತಮ್ಮ ಸಾಧನಕ್ಕೆ ಹೊಂದುವ ಕೊನೆಯ ಆವೃತ್ತಿಯನ್ನು ಪಡೆಯಬಹುದು. ಐಓಎಸ್ 16ರಲ್ಲಿ ಬಂದ ಪರದೆಗಳ ನಡುವೆ ಸಾಗಿಸುವ ನ್ಯಾವಿಗೇಶನ್ ಸ್ಟ್ಯಾಕ್, ನಕ್ಷೆ ಬಿಡಿಸುವ ಚಾರ್ಟ್ಸ್ ಇವುಗಳನ್ನು ಆವೃತ್ತಿ ತಪಾಸಣೆಯ ಒಳಗೆ ಇಟ್ಟೆವು. ಆದರೆ ಪರದೆ ತುಂಬ ಅಂಥ ಕವಲುಗಳು ಬೆಳೆದರೆ ಓದುವುದು ಕಷ್ಟ, ಆದ್ದರಿಂದ ಕವಲನ್ನು ಒಂದೇ ಫೈಲಿನಲ್ಲಿ ಮುಚ್ಚಿಟ್ಟು ಉಳಿದೆಡೆ ಒಂದೇ ಹೆಸರಿನಿಂದ ಕರೆಯುವಂತೆ ಬರೆಯಿರಿ.

ಬಿಡುಗಡೆಯನ್ನು ಎರಡೂ ಕಡೆ ಹಂತಹಂತವಾಗಿ ಮಾಡಿದೆವು. ಆ್ಯಪ್ ಸ್ಟೋರ್‌ನಲ್ಲಿ ಇದು 7 ದಿನಗಳಲ್ಲಿ ಶೇಕಡಾ 1ರಿಂದ 100ಕ್ಕೆ ತಾನಾಗಿಯೇ ಏರುತ್ತದೆ. ಪ್ಲೇನಲ್ಲಿ ಪ್ರಮಾಣವನ್ನು ನಾವೇ ಏರಿಸಬೇಕು. ಪ್ಲೇನಲ್ಲಿ ಬಿಡುಗಡೆಯನ್ನು ತಡೆಹಿಡಿಯಬಹುದೇ ಹೊರತು ಅಪ್‌ಡೇಟ್ ಆದವರನ್ನು ಹಿಂದಿನ ಆವೃತ್ತಿಗೆ ಒಯ್ಯಲಾಗದು; ಸರಿಪಡಿಸಿದ್ದನ್ನು ಇನ್ನೂ ಹೆಚ್ಚಿನ ವರ್ಷನ್ ಕೋಡ್ ಎಂಬ ಆವೃತ್ತಿ ಸಂಖ್ಯೆಯೊಂದಿಗೆ ಕಳಿಸಬೇಕು. ಮೊದಲ ದಿನಗಳ ವರದಿಯಲ್ಲಿ ಕ್ರ್ಯಾಶ್ ತೀರ ಕಡಿಮೆ ಇದ್ದುದನ್ನು ಕಂಡು ಪೂರ್ತಿ ತೆರೆದುಬಿಡುವ ಆಸೆಯಾಯಿತು. ಆದರೆ ವರದಿಯನ್ನು ಆಂಡ್ರಾಯ್ಡ್ ಆವೃತ್ತಿವಾರು ಸೋಸಿದಾಗ ಅದರಲ್ಲಿ ಆಂಡ್ರಾಯ್ಡ್ 6, 7ರವರು ಹೆಚ್ಚುಕಡಿಮೆ ಇರಲೇ ಇಲ್ಲ. ಜಾಗ ಸಾಲದ ಫೋನುಗಳಲ್ಲಿ, ವೈಫೈ ಅಪರೂಪವಾದವರಲ್ಲಿ ಅಪ್‌ಡೇಟ್ ತಡವಾಗಿ ಇಳಿಯುತ್ತದೆ. ಅವರ ಕ್ರ್ಯಾಶ್‌ಗಳೂ ಅಷ್ಟೇ ತಡವಾಗಿ ಬರುತ್ತವೆ. ಹಾಗಾಗಿ ಹಳೆಯ ಆವೃತ್ತಿಗಳಿಂದಲೂ ಸಾಕಷ್ಟು ಬಳಕೆ ದಾಖಲಾಗುವವರೆಗೆ ಶೇಕಡಾ 20ರಲ್ಲೇ ನಿಲ್ಲಿಸಿಕೊಂಡೆವು, ಆಮೇಲೆಯೇ ಪೂರ್ತಿ ತೆರೆದೆವು. ಇದರ ಮುಂದಿನ ಹಂತ ಟಾರ್ಗೆಟ್ 36. ಅದರಲ್ಲಿ ದೊಡ್ಡ ಪರದೆಯ ಸಾಧನಗಳು ಆ್ಯಪ್ ಹೇಳಿದ ಉದ್ದ, ಅಡ್ಡ ಎಂಬ ನಿರ್ಬಂಧವನ್ನು ಲೆಕ್ಕಿಸುವುದಿಲ್ಲ. ನಮ್ಮ ಆ್ಯಪ್ ಟ್ಯಾಬ್ಲೆಟ್‌ನಲ್ಲಿ ಉದ್ದಕ್ಕೆ ಮಾತ್ರ ತೆರೆಯುವಂಥದ್ದು, ಆದ್ದರಿಂದ ಅಡ್ಡ ಪರದೆಯ ವಿನ್ಯಾಸವನ್ನು ಈ ಬಾರಿ ಗಡುವಿಗೆ ಕಾಯದೆ ಕೈಗೆತ್ತಿಕೊಂಡಿದ್ದೇವೆ.